ಒಬ್ಬೊಬ್ಬರು ಒಂದೊಂದು ಊರಲ್ಲಿ: ಆನ್‌ಲೈನ್ ತಂಡ ಹೊಂದಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಮೈಸೂರಿನಲ್ಲಿದ್ದೇನೆ. ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ನನ್ನನ್ನೂ ಸೇರಿಸಿ ತಂಡದಲ್ಲಿ ಒಂಬತ್ತು ಜನ. ಮೂವರು ಬೆಂಗಳೂರಲ್ಲಿ, ಇಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬರು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ, ಒಬ್ಬರು ಪುಣೆಯಲ್ಲಿ, ಒಬ್ಬರು ಟೊರೊಂಟೊದಲ್ಲಿ. ಹೆಚ್ಚು ಕಡಿಮೆ ಎಲ್ಲರೂ ಮನೆಯಿಂದಲೇ ಕೆಲಸ. ಕೆಲಸ ನಡೆಯುತ್ತಿದೆ, ಆದರೆ ನಾವು ಒಂದು ತಂಡ ಅನ್ನಿಸುವುದಿಲ್ಲ. ಪ್ರತಿ ಶುಕ್ರವಾರ ಸಂಜೆ ಆನ್‌ಲೈನ್ ಆಟ ಇಟ್ಟೆ. ಎಲ್ಲರೂ ಮ್ಯೂಟ್, ಕ್ಯಾಮೆರಾ ಆಫ್. ಕಳೆದ ತಿಂಗಳು ನಮ್ಮ ಟೆಸ್ಟರ್ (ಪ್ರೋಗ್ರಾಂನಲ್ಲಿ ತಪ್ಪು ಹುಡುಕುವವರು), ಪ್ರೋಗ್ರಾಂ ಬರೆಯುವ ಒಬ್ಬ ಡೆವಲಪರ್‌ಗೆ ಚಾಟ್‌ನಲ್ಲಿ 'ಇದನ್ನ ಟೆಸ್ಟ್ ಮಾಡಿಯೇ ಕಳಿಸಿದ್ದಾ?' ಅಂತ ಬರೆದರು. ಅವತ್ತಿಂದ ಇಬ್ಬರೂ ನೇರವಾಗಿ ಮಾತಾಡುತ್ತಿಲ್ಲ, ಏನಿದ್ದರೂ ನನ್ನ ಮೂಲಕ. ಹುಬ್ಬಳ್ಳಿಯ ಹೊಸ ಹುಡುಗಿ ಮೀಟಿಂಗ್‌ನಲ್ಲಿ ಬಾಯಿ ಬಿಡುವುದೇ ಇಲ್ಲ. ನಾನು ಏನು ಮಾಡಲಿ?

ಉತ್ತರ: ಮೊದಲು ಆ ಶುಕ್ರವಾರದ ಆಟವನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ತಂಡದವರಿಗೆ ಆಟ ಇಷ್ಟವಿಲ್ಲ ಅಂತಲ್ಲ. ವಾರವಿಡೀ ಯಾರು ಏನು ಮಾಡುತ್ತಿದ್ದಾರೆ ಅಂತ ಗೊತ್ತಾಗದೆ, ಕೇಳಿದ್ದಕ್ಕೆ ಉತ್ತರ ಸಿಗದೆ ದಣಿದವರು ಸಂಜೆ ಇನ್ನೊಂದು ಕಾಲ್‌ಗೆ ಬಂದು ನಗಬೇಕು ಅಂದರೆ ಕಷ್ಟ ಅಲ್ವಾ? ಆಟ ಅನ್ನುವುದು ಊಟದ ಕೊನೆಯ ಬಾಳೆಹಣ್ಣು. ಎಲೆಯಲ್ಲಿ ಅನ್ನವೇ ಬೀಳದಿದ್ದರೆ ಹಣ್ಣಿನಿಂದ ಹೊಟ್ಟೆ ತುಂಬುವುದಿಲ್ಲ.

1990ರ ದಶಕದ ಕೊನೆಯಲ್ಲೇ ಸಿರ್ಕಾ ಯಾರ್ವೆನ್ಪಾ ಮತ್ತು ಡೊರೊತಿ ಲೀಡ್ನರ್ ಅನ್ನುವ ಇಬ್ಬರು ಸಂಶೋಧಕರು ಇದನ್ನು ನೋಡಿದ್ದರು. ಬೇರೆ ಬೇರೆ ದೇಶಗಳಲ್ಲಿದ್ದು, ಒಮ್ಮೆಯೂ ಮುಖ ನೋಡದೆ ಒಟ್ಟಿಗೆ ಕೆಲಸ ಮಾಡಿದ ವಿದ್ಯಾರ್ಥಿ ತಂಡಗಳನ್ನು ಅವರು ಗಮನಿಸಿದರು. ಊರು, ಮನೆ, ಹವ್ಯಾಸದ ಮಾತು ಶುರುವಿನಲ್ಲಿ ನಂಬಿಕೆ ಹುಟ್ಟಿಸಿತು. ಆದರೆ ಆ ನಂಬಿಕೆ ಕೊನೆವರೆಗೂ ಉಳಿದದ್ದು ಬೇರೆ ಕಾರಣಕ್ಕೆ. ಹೇಳಿದ ಹೊತ್ತಿಗೆ ಸುದ್ದಿ ಬರುತ್ತಿತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಿಜವಾಗಿ ಓದಿ, ತೂಕದ ಉತ್ತರ ಕೊಡುತ್ತಿದ್ದರು. ಅಂದರೆ ಮುಖ ಕಾಣದ ತಂಡದಲ್ಲಿ ಸ್ನೇಹ ಬೆಳೆಯುವುದು ಬಹುಪಾಲು ಕೆಲಸದ ಒಳಗೇ. ದೂರದಿಂದ ಕೆಲಸ ಮಾಡುವ ತಂಡಗಳ ಜೊತೆ ನಾನು ಹಲವು ವರ್ಷಗಳಿಂದ ಇದ್ದೇನೆ. ನನಗೆ ಕಂಡದ್ದೂ ಇದೇ.

ಹಾಗಾಗಿ ಆಟಕ್ಕಿಂತ ಮೊದಲು ಮೌನದ ಬಗ್ಗೆ ಮಾತಾಡೋಣ. ನಿಮ್ಮ ತಂಡದ ತೊಂದರೆಯ ಬೇರು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಆಫೀಸಿನಲ್ಲಿ ಪಕ್ಕದವರು ಉತ್ತರ ಕೊಡದಿದ್ದರೆ ಕತ್ತು ತಿರುಗಿಸಿ ನೋಡುತ್ತೇವೆ. ಫೋನಿನಲ್ಲಿದ್ದಾರೆ, ಊಟಕ್ಕೆ ಹೋಗಿದ್ದಾರೆ, ತಲೆನೋವಿದ್ದ ಹಾಗಿದೆ. ಕಾರಣ ಕಣ್ಣಿಗೆ ಕಾಣುತ್ತದೆ. ಆನ್‌ಲೈನ್‌ನಲ್ಲಿ ಕಾರಣ ಕಾಣುವುದಿಲ್ಲ, ಉತ್ತರ ಬಂದಿಲ್ಲ ಅನ್ನುವುದು ಮಾತ್ರ ಕಾಣುತ್ತದೆ. ಆ ಖಾಲಿ ಜಾಗವನ್ನು ನಾವೇ ತುಂಬಿಕೊಳ್ಳುತ್ತೇವೆ, ಅದೂ ಸಾಮಾನ್ಯವಾಗಿ ಕೆಟ್ಟ ಅರ್ಥದಿಂದ. 'ನನ್ನ ಮೆಸೇಜ್‌ಗೆ ಬೆಲೆ ಇಲ್ಲ', 'ಇವರು ಕೆಲಸ ಮಾಡುತ್ತಿಲ್ಲ', 'ನನ್ನ ಮೇಲೆ ಕೋಪ ಇದೆ'. ಕ್ಯಾಥರೀನ್ ಕ್ರಾಮ್ಟನ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 13 ತಂಡಗಳ ಈಮೇಲ್ ಮತ್ತು ಚಾಟ್‌ಗಳನ್ನು ಓದಿದರು. ತಂಡಗಳು ಒಡೆಯಲು ಅವರು ಗುರುತಿಸಿದ ಕಾರಣಗಳಲ್ಲಿ ಮೌನದ ಅರ್ಥ ತಿಳಿಯದೇ ಹೋಗುವುದೂ ಒಂದು. ಇನ್ನೊಂದು ಸಂಗತಿಯನ್ನೂ ಅವರು ಕಂಡರು. ದೂರದವರ ಪರಿಸ್ಥಿತಿ ಗೊತ್ತಿಲ್ಲದಾಗ ನಾವು ತಪ್ಪನ್ನು ಪರಿಸ್ಥಿತಿಯ ಮೇಲೆ ಹಾಕುವುದಿಲ್ಲ, ಆ ಮನುಷ್ಯರ ಮೇಲೆ ಹಾಕುತ್ತೇವೆ.

ನಿಮ್ಮ ತೀರ್ಥಹಳ್ಳಿಯವರನ್ನೇ ತೆಗೆದುಕೊಳ್ಳಿ. ಜುಲೈ ತಿಂಗಳ ಮಳೆಯಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಅರ್ಧ ದಿನ ಕರೆಂಟ್ ಇಲ್ಲ. ಯುಪಿಎಸ್ ಖಾಲಿಯಾದ ಮೇಲೆ ವೈಫೈ ಹೋಗುತ್ತದೆ, ಆಮೇಲೆ ಟವರ್ ಕೂಡ ಹೋಗುತ್ತದೆ. ಮಲೆನಾಡಿನವರಿಗೆ ಇದು ಹೇಳಬೇಕಾದ ವಿಷಯವೇ ಅಲ್ಲ, ಪ್ರತಿ ವರ್ಷದ್ದು. ಬೆಂಗಳೂರಲ್ಲಿ ಕೂತವರಿಗೆ ಮಾತ್ರ ಮೂರು ಗಂಟೆ ಉತ್ತರ ಕೊಡದ ಸಹೋದ್ಯೋಗಿ ಕಾಣುತ್ತಾರೆ. ಹೀಗೆ ಎರಡು ಸಲ ಆದರೆ ಸಾಕು, 'ಅವರನ್ನ ನಂಬಿಕೊಂಡರೆ ಆಗಲ್ಲ' ಅನ್ನುವ ಮಾತು ಹುಟ್ಟುತ್ತದೆ.

ಇದಕ್ಕೆ ನೀವು ಮಾಡಬೇಕಾದದ್ದು ದೊಡ್ಡದೇನಲ್ಲ, ಆದರೆ ಬಿಡದೆ ಮಾಡಬೇಕು. ಒಂದು ಗಂಟೆ ಎಲ್ಲರನ್ನೂ ಕೂರಿಸಿ, ಯಾವುದಕ್ಕೆ ಎಷ್ಟು ಹೊತ್ತಿನಲ್ಲಿ ಉತ್ತರ ಅಂತ ಒಪ್ಪಂದ ಮಾಡಿಕೊಳ್ಳಿ. ಉದಾಹರಣೆಗೆ, ಚಾಟ್‌ನಲ್ಲಿ ಹೆಸರು ಹಿಡಿದು ಕೇಳಿದ್ದಕ್ಕೆ ಅರ್ಧ ದಿನದೊಳಗೆ, ಈಮೇಲ್‌ಗೆ ಮಾರನೇ ದಿನದೊಳಗೆ, ತುರ್ತಾದರೆ ಫೋನ್ ಮಾತ್ರ. ಇದನ್ನು ನೀವೇ ಬರೆದು ಕಳಿಸಬೇಡಿ. ಅವರ ಬಾಯಿಂದಲೇ ಬರಲಿ. 'ಬೆಳಿಗ್ಗೆ ಮಗೂನ ಸ್ಕೂಲಿಗೆ ಬಿಡಬೇಕು, ಒಂಬತ್ತೂವರೆವರೆಗೆ ನನ್ನನ್ನ ಹುಡುಕಬೇಡಿ' ಅಂತ ಒಬ್ಬರು ಹೇಳುತ್ತಾರೆ. 'ಮಧ್ಯಾಹ್ನ ಅಮ್ಮನ ಡಯಾಲಿಸಿಸ್ ಇರುತ್ತೆ' ಅಂತ ಇನ್ನೊಬ್ಬರು ಹೇಳಬಹುದು. ಅಲ್ಲಿ ಗೊತ್ತಾಗುವಷ್ಟು ವಿಷಯ ಹತ್ತು ಶುಕ್ರವಾರದ ಆಟದಲ್ಲಿ ಗೊತ್ತಾಗುವುದಿಲ್ಲ. ಹಾಗಂತ ಯಾರನ್ನೂ ಕೆದಕಬೇಡಿ. ಮನೆಯ ಕಾರಣ ಹೇಳಲು ಇಷ್ಟವಿಲ್ಲದವರು ಬರೀ ಸಮಯ ಹೇಳಿದರೆ ಸಾಕು.

ಆಮೇಲೆ ಚಾಟ್‌ನಲ್ಲಿ 'ಇದ್ದೇನೆ, ಇಲ್ಲ' ಅಂತ ತಿಳಿಸಲು ಒಂದು ಚಾನೆಲ್ ಇಡಿ. ಕರೆಂಟ್ ಹೋಯಿತು, ಬ್ಯಾಂಕಿಗೆ ಹೋಗಿ ಬರ್ತೀನಿ, ತಲೆ ಓಡ್ತಿಲ್ಲ ಸ್ವಲ್ಪ ಮಲಗ್ತೀನಿ. ಒಂದು ಸಾಲು ಸಾಕು. ಅಲ್ಲಿ ಮೊದಲ ಸಾಲು ನಿಮ್ಮದೇ ಇರಲಿ. ನೀವು 'ಮಗಳ ಡ್ಯಾನ್ಸ್ ಪ್ರೋಗ್ರಾಂ, ನಾಲ್ಕರಿಂದ ಆರು ಸಿಗಲ್ಲ' ಅಂತ ಬರೆದರೆ ಉಳಿದವರಿಗೆ ಧೈರ್ಯ ಬರುತ್ತದೆ. ಆದರೆ ಈ ಚಾನೆಲ್ ಹಾಜರಿ ಪುಸ್ತಕ ಆಗಬಾರದು. ಅಲ್ಲಿ ಬರೆದದ್ದನ್ನು ಅಪ್ರೈಸಲ್ ಹೊತ್ತಿಗೆ ಒಂದೇ ಒಂದು ಸಲ ತೆಗೆದು ತೋರಿಸಿದರೂ ಮುಗಿಯಿತು, ಆಮೇಲೆ ಯಾರೂ ನಿಜ ಬರೆಯುವುದಿಲ್ಲ.

ಜೊತೆಗೆ ಒಂದು ಅಭ್ಯಾಸ. ಈಗಲೇ ಉತ್ತರ ಕೊಡಲು ಆಗದಿದ್ದರೆ, 'ನೋಡಿದೆ, ನಾಳೆ ಹನ್ನೊಂದಕ್ಕೆ ಹೇಳ್ತೀನಿ' ಅಂತ ಬರೆಯುವುದು. ಮಾರನೇ ದಿನ ಹನ್ನೊಂದಕ್ಕೆ ಹೇಳುವುದು. ಉತ್ತರ ಇನ್ನೂ ಸಿಕ್ಕಿಲ್ಲದಿದ್ದರೆ ಹನ್ನೊಂದಕ್ಕೆ ಅದನ್ನೇ ಹೇಳುವುದು. ಇಂಥ ಸಣ್ಣ ಮಾತುಗಳು ದಿನವೂ ಉಳಿಯುತ್ತಾ ಬಂದರೆ, 'ಅವರು ಅಂದರೆ ಅಂದದ್ದೇ' ಅನ್ನುವ ಭಾವನೆ ಬರುತ್ತದೆ. ಆ ಭಾವನೆ ಬಂದ ಮೇಲೆ ತಮಾಷೆ, ಹರಟೆ ತಾನಾಗಿಯೇ ಶುರುವಾಗುತ್ತದೆ. ಇದನ್ನು ನಾನು ಎಷ್ಟೋ ತಂಡಗಳಲ್ಲಿ ಕಂಡಿದ್ದೇನೆ.

ಈಗ ಆ ಮುನಿಸಿಗೆ ಬರೋಣ.

'ಇದನ್ನ ಟೆಸ್ಟ್ ಮಾಡಿಯೇ ಕಳಿಸಿದ್ದಾ?' ಈ ಸಾಲನ್ನು ಎರಡು ರೀತಿ ಓದಿ ನೋಡಿ. ಒಮ್ಮೆ ಸುಮ್ನೆ ವಿಷಯ ತಿಳಿದುಕೊಳ್ಳುವ ಧಾಟಿಯಲ್ಲಿ. ಇನ್ನೊಮ್ಮೆ ಹುಬ್ಬು ಏರಿಸಿ. ಎರಡೂ ಸರಿಹೊಂದುತ್ತವೆ. ಬರೆದವರ ಕಿವಿಯಲ್ಲಿ ಅವರ ದನಿ ಕೇಳುತ್ತಿರುತ್ತದೆ, ಓದುವವರಿಗೆ ಅದು ಕೇಳುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಗಂಭೀರವಾದ ಮತ್ತು ವ್ಯಂಗ್ಯದ ಸಾಲುಗಳನ್ನು ಈಮೇಲ್‌ನಲ್ಲಿ ಕಳಿಸಿದರು. ನೂರಕ್ಕೆ 78ರಷ್ಟು ಸರಿಯಾಗಿ ಅರ್ಥವಾಗುತ್ತದೆ ಅಂತ ಕಳಿಸಿದವರ ನಂಬಿಕೆ. ಅರ್ಥವಾದದ್ದು 56ರಷ್ಟು. ನಾಣ್ಯ ಚಿಮ್ಮಿ ಊಹಿಸಿದರೂ 50 ಸಿಗುತ್ತಿತ್ತು! ಅದೇ ಸಾಲನ್ನು ದನಿಯಲ್ಲಿ ಹೇಳಿದಾಗ ಅರ್ಥವಾಗುವುದು ಬಹಳ ಜಾಸ್ತಿಯಾಯಿತು. ಆದ್ದರಿಂದ ನಿಮ್ಮ ಟೆಸ್ಟರ್ ಕೊಂಕು ಆಡಿದ್ದಾರೋ ಇಲ್ಲವೋ ಅಂತ ವಿಚಾರಣೆ ಮಾಡಲು ಹೋಗಬೇಡಿ. ಆ ಸಾಲಿನಿಂದ ಅದನ್ನು ತಿಳಿಯಲು ಸಾಧ್ಯವೇ ಇಲ್ಲ.

ನೀವು ಮೊದಲು ನಿಲ್ಲಿಸಬೇಕಾದದ್ದು ಮಧ್ಯದಲ್ಲಿ ನಿಂತು ಮಾತು ಸಾಗಿಸುವ ಕೆಲಸ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದೀರಿ, ಆದರೆ ನೀವು ಆ ಕೆಲಸ ಮಾಡುವಷ್ಟು ದಿನ ಅವರಿಬ್ಬರೂ ಮಾತಾಡಬೇಕಾದ ಅಗತ್ಯವೇ ಬರುವುದಿಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ. ಚಾಟ್ ಬೇಡ, ಫೋನೇ ಮಾಡಿ. 'ಅವತ್ತು ಏನಾಯಿತು, ನಿಮಗೆ ಏನು ಬೇಸರವಾಯಿತು?' ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ತೀರ್ಪು ಕೊಡಬೇಡಿ. ಅವರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸಲೂ ಬೇಡಿ. ಬಹಳ ಸಲ ಸಿಟ್ಟಿನ ಕೆಳಗೆ ಬೇರೆ ಕಾರಣ ಇರುತ್ತದೆ. ರಾತ್ರಿ ಹನ್ನೊಂದರವರೆಗೆ ಕೂತು ಮುಗಿಸಿದ ಕೆಲಸ ಅದು ಅಂತ ಡೆವಲಪರ್ ಹೇಳಬಹುದು. ಅದೇ ತಪ್ಪು ಮೂರನೇ ಸಲ ಬಂದಿತ್ತು, ಬೈಸಿಕೊಂಡದ್ದು ನಾನು ಅಂತ ಟೆಸ್ಟರ್ ಹೇಳಬಹುದು.

ಆಮೇಲೆ ಮೂವರೂ ಒಂದು ಕಾಲ್‌ನಲ್ಲಿ ಸೇರಿ, ಪರದೆ ಮೇಲೆ ಕೆಲಸವನ್ನೇ ಇಟ್ಟುಕೊಳ್ಳಿ. ಜಗಳ ಅಲ್ಲ, ಕೆಲಸ. 'ಈ ಪ್ರಶ್ನೆ ಕೇಳುವ ಸಂದರ್ಭವೇ ಬರದ ಹಾಗೆ ಏನು ಮಾಡಬಹುದು?' ಅಂತ ಕೇಳಿ. ಉತ್ತರ ಸರಳವಾಗಿಯೇ ಇರುತ್ತದೆ. ಟೆಸ್ಟಿಂಗ್‌ಗೆ ಕಳಿಸುವಾಗ ಡೆವಲಪರ್ ಮೂರು ಸಾಲು ಬರೆಯಬೇಕು: ಏನು ಬದಲಾಯಿಸಿದೆ, ಏನು ಪರೀಕ್ಷಿಸಿದೆ, ಯಾವುದನ್ನು ಪರೀಕ್ಷಿಸಲು ಆಗಲಿಲ್ಲ. ಟೆಸ್ಟರ್ ತಪ್ಪು ಬರೆಯುವಾಗ ಏನು ಮಾಡಿದೆ, ಏನಾಯಿತು, ಏನಾಗಬೇಕಿತ್ತು ಅಂತ ಬರೆಯಬೇಕು, ಮನುಷ್ಯರ ಹೆಸರು ಬೇಡ. ಈ ಎರಡು ಪದ್ಧತಿಯನ್ನು ಅವರಿಬ್ಬರೇ ಸೇರಿ ಬರೆದು ತಂಡಕ್ಕೆ ತೋರಿಸಲಿ. ಮನಸ್ತಾಪ ಆದವರಿಗೆ ಒಟ್ಟಿಗೆ ಮುಗಿಸುವ ಒಂದು ಸಣ್ಣ ಕೆಲಸ ಕೊಡುವುದು, 'ಸಾರಿ ಕೇಳಿ' ಅಂತ ಒತ್ತಾಯ ಮಾಡುವುದಕ್ಕಿಂತ ಎಷ್ಟೋ ಮೇಲು. ಕ್ಷಮೆ ಬರುವುದಾದರೆ ಆ ಕೆಲಸದ ನಡುವೆ ತಾನಾಗಿ ಬರುತ್ತದೆ, ನೀವು ಇಲ್ಲದಾಗ.

ಇಡೀ ತಂಡಕ್ಕೆ ಒಂದು ನಿಯಮ ಮಾಡಿ. ಚಾಟ್‌ನಲ್ಲಿ ಎರಡು ಸುತ್ತು ಮಾತಾದರೂ ವಿಷಯ ಬಗೆಹರಿಯದಿದ್ದರೆ ಮೂರನೆಯದನ್ನು ಟೈಪ್ ಮಾಡಬಾರದು, ಕಾಲ್ ಮಾಡಬೇಕು. ಮತ್ತೆ ಇಂಗ್ಲಿಷ್‌ನಲ್ಲೇ ಬರೆಯಬೇಕು ಅಂತ ಇದ್ದರೆ ಅದನ್ನು ಸ್ವಲ್ಪ ಸಡಿಲ ಮಾಡಿ. ಪುಣೆಯವರಿಗೆ ಕನ್ನಡ ಬರದಿದ್ದರೆ ಎಲ್ಲರೂ ಇರುವ ಕಡೆ ಇಂಗ್ಲಿಷ್ ಇರಲೇಬೇಕು, ಇಲ್ಲದಿದ್ದರೆ ಅವರು ಹೊರಗುಳಿಯುತ್ತಾರೆ. ಆದರೆ ಇಬ್ಬರು ಕನ್ನಡದವರು ತಮ್ಮೊಳಗೆ ಮಾತಾಡುವಾಗ 'ಸ್ವಲ್ಪ ನೋಡ್ತೀರಾ' ಅಂತ ಬರೆದರೆ ಎಷ್ಟೋ ಮುನಿಸು ಹುಟ್ಟುವುದೇ ಇಲ್ಲ.

ಹುಬ್ಬಳ್ಳಿಯ ಹೊಸಬರ ವಿಷಯ ನನಗೆ ಜಗಳಕ್ಕಿಂತ ಮುಖ್ಯ ಅನ್ನಿಸಿತು. ಜಗಳ ನಿಮಗೆ ಕಂಡಿದೆ. ಮಾತಾಡದವರು ಕಳೆದುಕೊಳ್ಳುತ್ತಿರುವುದು ಯಾರಿಗೂ ಕಾಣುವುದಿಲ್ಲ, ಒಂದು ದಿನ ರಾಜೀನಾಮೆ ಬಂದಾಗಲೇ ಗೊತ್ತಾಗುವುದು. ಗೂಗಲ್ ಕಂಪನಿ 2012ರಲ್ಲಿ ಶುರು ಮಾಡಿ ತನ್ನ 180 ತಂಡಗಳನ್ನು ಅಧ್ಯಯನ ಮಾಡಿತು. ತಂಡದಲ್ಲಿ ಯಾರಿದ್ದಾರೆ ಅನ್ನುವುದಕ್ಕಿಂತ ಅವರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದೇ ಜಾಸ್ತಿ ಮುಖ್ಯ ಅಂತ ಕಂಡಿತು. ಅದರಲ್ಲೂ ಎಲ್ಲಕ್ಕಿಂತ ಮೇಲೆ ನಿಂತದ್ದು, ತಪ್ಪು ಒಪ್ಪಿಕೊಂಡರೂ ದಡ್ಡ ಪ್ರಶ್ನೆ ಕೇಳಿದರೂ ಇಲ್ಲಿ ನನ್ನ ಮರ್ಯಾದೆ ಹೋಗುವುದಿಲ್ಲ ಅನ್ನುವ ಧೈರ್ಯ. ಅನಿತಾ ವೂಲಿ ಮತ್ತು ಸಂಗಡಿಗರು 2010ರಲ್ಲಿ 699 ಜನರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಪರೀಕ್ಷಿಸಿದಾಗ, ಒಬ್ಬಿಬ್ಬರೇ ಮಾತಾಡಿದ ಗುಂಪುಗಳು ಹಿಂದೆ ಬಿದ್ದವು. ಮಾತು ಎಲ್ಲರಿಗೂ ಹಂಚಿಹೋದ ಗುಂಪುಗಳು ಮುಂದಿದ್ದವು. ಬರೀ ಚಾಟ್‌ನಲ್ಲಿ ಕೆಲಸ ಮಾಡಿದ ಗುಂಪುಗಳಲ್ಲೂ ಹೀಗೇ ಆಗುತ್ತದೆ ಅಂತ ನಂತರದ ಅಧ್ಯಯನ ತೋರಿಸಿತು.

ಆದರೆ ಮೀಟಿಂಗ್ ನಡುವೆ ಥಟ್ಟನೆ 'ನೀವೇನು ಹೇಳ್ತೀರಾ?' ಅಂತ ಅವರ ಹೆಸರು ಕರೆಯಬೇಡಿ. ಎಂಟು ಜನರ ಮುಂದೆ, ಅರ್ಧಂಬರ್ಧ ಧೈರ್ಯದ ಇಂಗ್ಲಿಷ್‌ನಲ್ಲಿ, ಹೊಸಬರಿಗೆ ಅದು ಪರೀಕ್ಷೆಯಂತೆ ಕಾಣುತ್ತದೆ. ಹಿಂದಿನ ದಿನವೇ ಹೇಳಿ, 'ನಾಳೆ ಲಾಗಿನ್ ಪೇಜ್ ಬಗ್ಗೆ ನಿಮ್ಮನ್ನ ಕೇಳ್ತೀನಿ, ಎರಡು ಮಾತು ಯೋಚಿಸಿಟ್ಟುಕೊಳ್ಳಿ'. ಇನ್ನೂ ಒಳ್ಳೆಯದು, ಮೀಟಿಂಗ್‌ನ ಮೊದಲ ಐದು ನಿಮಿಷ ಯಾರೂ ಮಾತಾಡದೆ ಒಂದು ಹಂಚಿಕೊಂಡ ಡಾಕ್ಯುಮೆಂಟ್‌ನಲ್ಲಿ ತಮ್ಮ ಅಭಿಪ್ರಾಯ ಬರೆಯಲಿ. ನಂತರ ಅದನ್ನು ನೋಡಿಕೊಂಡು ಮಾತಾಡಿ. ಹಿರಿಯರ ಮಾತು ಕೇಳಿ ಸುಮ್ಮನಾಗುವವರು ಬರೆಯುವಾಗ ಸುಮ್ಮನಾಗುವುದಿಲ್ಲ. ನಾನು ಹೇಳುತ್ತಿರುವುದರಲ್ಲಿ ಒಂದನ್ನೇ ಮಾಡಲು ಸಾಧ್ಯ ಅಂದರೆ ಇದನ್ನು ಮಾಡಿ.

ಅವರು ಹೇಳಿದ ಮೊದಲ ಮಾತಿಗೆ ನಿಮ್ಮ ಉತ್ತರ ಹೇಗಿರುತ್ತದೆ ಅನ್ನುವುದನ್ನು ಉಳಿದ ಏಳು ಜನ ನೋಡುತ್ತಿರುತ್ತಾರೆ. ಆ ಸಲಹೆ ಉಪಯೋಗಕ್ಕೆ ಬರದಿದ್ದರೂ ಯಾಕೆ ಬರುವುದಿಲ್ಲ ಅಂತ ಬಿಡಿಸಿ ಹೇಳಿ. ಉಪಯೋಗಕ್ಕೆ ಬಂದರೆ ಅವರ ಹೆಸರು ಹಿಡಿದು ಹೇಳಿ. ಮೊದಲ ಕೆಲವು ತಿಂಗಳು ಅವರಿಗೆ ಒಬ್ಬ ಜೊತೆಗಾರರನ್ನು ಕೊಡಿ, ಲೀಡ್ ಅಲ್ಲದವರು, ಯಾವಾಗ ಬೇಕಾದರೂ ಫೋನ್ ಮಾಡಬಹುದಾದವರು. ಹುಬ್ಬಳ್ಳಿಯ ಇನ್ನೊಬ್ಬರು ಸಿದ್ಧರಿದ್ದರೆ ವಾರಕ್ಕೊಂದು ದಿನ ಇಬ್ಬರೂ ಒಂದೇ ಕಡೆ ಕೂತು ಕೆಲಸ ಮಾಡಬಹುದು.

ಕ್ಯಾಮೆರಾ ವಿಷಯದಲ್ಲಿ ಒತ್ತಾಯ ಬೇಡ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಮೆರಾ ಹಾಕಿಕೊಂಡಿರುವುದೇ ದಣಿವು ತರುತ್ತದೆ ಅಂತ ಗೊತ್ತಾಯಿತು, ಅದರಲ್ಲೂ ಹೆಂಗಸರಿಗೆ ಮತ್ತು ಹೊಸಬರಿಗೆ ಜಾಸ್ತಿ. ಒಂದೇ ಕೋಣೆಯಲ್ಲಿ ಅಣ್ಣ ಓದುತ್ತಾ, ಅಜ್ಜಿ ಟಿವಿ ನೋಡುತ್ತಾ ಇರುವ ಮನೆಯಲ್ಲಿ ಕ್ಯಾಮೆರಾ ಹಾಕುವುದು ಎಲ್ಲರಿಗೂ ಸುಲಭವಲ್ಲ. ವಾರಕ್ಕೊಂದು ಕಾಲ್‌ನಲ್ಲಿ ಆಗುವವರು ಮುಖ ತೋರಿಸಲಿ, ಸಾಕು.

ಟೊರೊಂಟೊದವರಿಗೂ ನಮಗೂ ಅಲ್ಲಿನ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ತಿರುಗಿಸಿದಾಗ ನಿಮ್ಮ ಮೀಟಿಂಗ್ ಒಂದು ಗಂಟೆ ಸರಿಯುತ್ತದೆ. ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಅವರ ಬೆಳಿಗ್ಗೆ ಎಂಟೂವರೆ ಅಂದರೆ ಬೇಸಿಗೆಯಲ್ಲಿ ನಮ್ಮ ಸಂಜೆ ಆರು. ಯಾವಾಗಲೂ ಒಂದೇ ಕಡೆಯವರು ನಿದ್ದೆ ಬಿಡುವ ಹಾಗೆ ಆಗಬಾರದು, ಸರದಿ ಇರಲಿ. ಅದಕ್ಕಿಂತ ಮುಖ್ಯವಾದದ್ದು, ನೀವು ಎಂಟು ಜನ ಮಧ್ಯಾಹ್ನ ಮಾಡಿದ ತೀರ್ಮಾನ ಅವರು ಏಳುವ ಹೊತ್ತಿಗೆ ಬರಹದಲ್ಲಿ ಇರಬೇಕು. ಏನು ತೀರ್ಮಾನ, ಯಾಕೆ, ಯಾರು ಮಾಡುತ್ತಾರೆ. ಗಿಟ್‌ಲ್ಯಾಬ್ ಕಂಪನಿಯವರೆಲ್ಲ ದೂರದಿಂದಲೇ ಕೆಲಸ ಮಾಡುವವರು. ತಮ್ಮ ಕೆಲಸದ ರೀತಿಯನ್ನೆಲ್ಲ ಅವರು ಯಾರು ಬೇಕಾದರೂ ಓದಬಹುದಾದ ಕೈಪಿಡಿಯಲ್ಲಿ ಬರೆದಿಟ್ಟಿದ್ದಾರೆ. ನಿಮಗೆ ಅಷ್ಟೆಲ್ಲ ಬೇಡ, ದಿನಕ್ಕೆ ಹತ್ತು ಸಾಲು ಸಾಕು.

ಬೆಂಗಳೂರಿನ ಮೂವರು ಯಾವತ್ತಾದರೂ ಒಟ್ಟಿಗೆ ಕೂತಾಗ ಒಂದೇ ಲ್ಯಾಪ್‌ಟಾಪ್ ಮುಂದೆ ಗುಂಪಾಗಿ ಮೀಟಿಂಗ್‌ಗೆ ಬರುವುದು ಬೇಡ. ಅವರವರ ಲ್ಯಾಪ್‌ಟಾಪ್, ಅವರವರ ಹೆಡ್‌ಸೆಟ್. ಇಲ್ಲದಿದ್ದರೆ ಅವರು ತಮ್ಮೊಳಗೆ ನಗುತ್ತಾರೆ, ಉಳಿದ ಆರು ಜನ ಕಿಟಕಿಯಾಚೆ ನಿಂತವರಾಗುತ್ತಾರೆ.

ವರ್ಷಕ್ಕೊಮ್ಮೆಯಾದರೂ ಎಲ್ಲರೂ ಮುಖತಃ ಸೇರಲು ಕಂಪನಿಯಿಂದ ಹಣ ಕೇಳಿ, ಹಟ ಹಿಡಿದು ಕೇಳಿ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿಯಲ್ಲಿ ಎಲ್ಲರೂ ತಮ್ಮ ತಮ್ಮ ಊರಿಂದಲೇ ಕೆಲಸ ಮಾಡುತ್ತಾರೆ. ಕೊರೊನಾಕ್ಕೆ ಮುಂಚೆ ವರ್ಷ ವರ್ಷವೂ ಇಡೀ ಕಂಪನಿಯನ್ನು ಒಂದು ಊರಿನಲ್ಲಿ ಸೇರಿಸುತ್ತಿದ್ದರು. ನಿಮ್ಮ ಟೊರೊಂಟೊದವರು ಊರಿಗೆ ರಜೆಗೆ ಬರುವ ಹೊತ್ತು ನೋಡಿಕೊಂಡು ದಿನ ಗೊತ್ತು ಮಾಡಿ. ಮೈಸೂರಿಗೇ ಕರೆಸಿ. ಬೆಳಿಗ್ಗೆ ನಿಜವಾದ ಕೆಲಸ ಮಾಡಿ, ಮುಂದಿನ ಆರು ತಿಂಗಳ ಯೋಜನೆ, ಚಾಟ್‌ನಲ್ಲಿ ಬಗೆಹರಿಯದ ಕಗ್ಗಂಟುಗಳು. ಮಧ್ಯಾಹ್ನದಿಂದ ಬಿಟ್ಟುಬಿಡಿ. ಚಾಮುಂಡಿ ಬೆಟ್ಟ ಹತ್ತುವವರು ಹತ್ತಲಿ, ದೋಸೆ ಹುಡುಕಿಕೊಂಡು ಹೋಗುವವರು ಹೋಗಲಿ. ಮೂರು ದಿನದ ಪ್ರತಿ ಗಂಟೆಗೂ ಕಾರ್ಯಕ್ರಮ ಹಾಕಿ ಜನರನ್ನು ಸುಸ್ತು ಮಾಡಬೇಡಿ. ನಿಮ್ಮ ಆಟಗಳನ್ನು ಆಗ ಇಡಿ, ನೋಡಿ ಎಷ್ಟು ಗಲಾಟೆ ಮಾಡುತ್ತಾರೆ!

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೊರಿಸಿದ್ದರೆ, ಬಡ್ತಿ ಸದಾ ಬೆಂಗಳೂರಿನವರಿಗೇ ಸಿಗುತ್ತಿದ್ದರೆ, ಮೇಲೆ ಹೇಳಿದ ಯಾವುದೂ ನಿಲ್ಲುವುದಿಲ್ಲ. ಜನ ಲೆಕ್ಕ ನೋಡುತ್ತಾರೆ, ನೋಡಬೇಕಾದದ್ದೇ. ಇದು ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲದಿದ್ದರೂ ಅವರ ಪರವಾಗಿ ಮೇಲಿನವರ ಹತ್ತಿರ ಮಾತಾಡುವುದು ನಿಮ್ಮ ಕೆಲಸ.

ತಂಡ ಸರಿಹೋಗುತ್ತಿದೆಯಾ ಅಂತ ಗೊತ್ತಾಗುವುದು ಹೇಗೆ? ನಗುವನ್ನು ಎಣಿಸಬೇಡಿ. ನಿಮ್ಮನ್ನು ಬಿಟ್ಟು ಅವರವರೇ ಎಷ್ಟು ಮಾತಾಡಿಕೊಳ್ಳುತ್ತಿದ್ದಾರೆ ನೋಡಿ. ಕೆಟ್ಟ ಸುದ್ದಿ ನಿಮಗೆ ಯಾವಾಗ ಮುಟ್ಟುತ್ತಿದೆ ನೋಡಿ, ಡೆಡ್‌ಲೈನ್ ಹಿಂದಿನ ರಾತ್ರಿಯೋ ಒಂದು ವಾರ ಮೊದಲೋ. ಇಲ್ಲೊಂದು ಸಂಗತಿಗೆ ನೀವು ತಯಾರಿರಬೇಕು. ಆಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಚೆನ್ನಾಗಿ ಹೊಂದಿಕೊಂಡ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರ ನಿರೀಕ್ಷೆ. ಲೆಕ್ಕದಲ್ಲಿ ಜಾಸ್ತಿ ಕಂಡವು. ಯಾಕೆ ಅಂತ ಹುಡುಕಿದಾಗ ತಿಳಿದದ್ದು, ಆ ತಂಡಗಳು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದವು. ನಿಮ್ಮಲ್ಲೂ ಮೊದಲ ಒಂದೆರಡು ತಿಂಗಳು ಬಗ್‌ಗಳ (ಪ್ರೋಗ್ರಾಂನ ತಪ್ಪುಗಳ) ಪಟ್ಟಿ ಉದ್ದವಾಗಬಹುದು, 'ಇದು ನನಗೆ ಅರ್ಥವಾಗಲಿಲ್ಲ' ಅನ್ನುವ ಮೆಸೇಜ್‌ಗಳು ಹೆಚ್ಚಬಹುದು. ಗಾಬರಿಯಾಗಬೇಡಿ. ನಿಮ್ಮ ಮ್ಯಾನೇಜರ್‌ಗೂ ಇದನ್ನು ಈಗಲೇ ತಿಳಿಸಿಡಿ, ಉದ್ದವಾದ ಪಟ್ಟಿ ನೋಡಿ ಅವರು ನಿಮ್ಮ ತಂಡದ ಮೇಲೆ ಸಿಡುಕದ ಹಾಗೆ.